ಕಂಡವರನ್ನು ಕರೆದುಕೊಂಡು ಬನ್ನಿ

ನನ್ನ ನೆಗೆಣ್ಣಿ ಕಲ್ಲವ್ವ ನನ್ನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಅಂಥವಳು ಒಂದು ದಿನ ಜೋಳದ ಡಬ್ಬಿ ಹೊತ್ತುಕೊಂಡು ನನ್ನ ಹಿಟ್ಟಿನ ಗಿರಣಿಗೆ ಬಂದಳು. ಕೆಳಗಿನ ಓಣಿಯ ಗಿರಣಿಯ ಮೋಟಾರು ಸುಟ್ಟುಹೋಗಿತ್ತು, ಅವಳಿಗೆ ಬೇರೆ ದಾರಿ ಇರಲಿಲ್ಲ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಗೋಡೆಯ ಕಡೆ ನೋಡುತ್ತ ನಿಂತಳು. ನಾನೂ ಏನೂ ಕೇಳದೆ ಜೋಳ ಸುರಿದು ಮೋಟಾರು ಹಾಕಿದೆ. ಆಮೇಲೆ ನನಗೆ ಗೊತ್ತಾದದ್ದು ಇಷ್ಟು: ಹಿಟ್ಟು ಡಬ್ಬಿ ತುಂಬಿ ನೆಲಕ್ಕೆ ಚೆಲ್ಲಿತ್ತು, ಮೋಟಾರು ನಿಂತಿತ್ತು, ಕಲ್ಲವ್ವ ಒಂದು ಕೈಯಲ್ಲಿ ನನ್ನ ಮುಂಗೈಯನ್ನೂ ಇನ್ನೊಂದರಲ್ಲಿ ನನ್ನ ಸೆರಗಿನ ತುದಿಯನ್ನೂ ಬಿಗಿಯಾಗಿ ಹಿಡಿದಿದ್ದಳು. “ಭೋಂಗಾ ಆತೇನು?” ಎಂದು ಕೇಳಿದೆ. “ಯಾವ ಭೋಂಗಾ? ಈಗಿನ್ನೂ ಹನ್ನೊಂದು ಹೊಡದೈತಿ,” ಅಂದಳು. “ಸೆರಗು ಮೋಟಾರಿನ ಪಟ್ಟಾದಾಗ ಸಿಗತಿತ್ತು.” ನಾಲ್ಕು ವರ್ಷದಲ್ಲಿ ಅವಳು ನನಗಾಡಿದ ಮೊದಲ ಮಾತು ಅದು. ನೆಲಕ್ಕೆ ಬಿದ್ದದ್ದನ್ನು ಬಿಟ್ಟು ಡಬ್ಬಿಯಲ್ಲಿದ್ದಷ್ಟನ್ನು ಹೊತ್ತುಕೊಂಡು ಹೋದಳು.

ನಮ್ಮೂರಿನಲ್ಲಿ ದಿನಾ ಮಧ್ಯಾಹ್ನ ಮೂರು ಹತ್ತಕ್ಕೆ ಎಲ್ಲರೂ ಗಡಿಯಾರ ನಿಂತಂತೆ ನಿಲ್ಲುತ್ತೇವೆ. ಒಂಬತ್ತು ನಿಮಿಷ. ಕಣ್ಣು ತೆರೆದೇ ಇರುತ್ತದೆ, ಏನೂ ಕಾಣುವುದಿಲ್ಲ. ಕಿವಿಯ ಹತ್ತಿರ ತಾಟು ಬಡಿದರೂ ಕೇಳುವುದಿಲ್ಲ. ಅದನ್ನು ‘ನಿಂತ ಹೊತ್ತು’ ಅನ್ನುತ್ತೇವೆ. ಹತ್ತು ನಿಮಿಷ ಮೊದಲು ಪುರಸಭೆಯ ಭೋಂಗಾ ಕೂಗುತ್ತದೆ. ಒಲೆ ಆರಿಸಿ, ಕೂಸುಗಳನ್ನು ತೊಟ್ಟಿಲಿಗೆ ಹಾಕಿ, ವಯಸ್ಸಾದವರನ್ನು ಗೋಡೆಗೆ ಒರಗಿಸಿ, ನಾವೂ ಸಿಕ್ಕಲ್ಲಿ ಕುಳಿತುಕೊಳ್ಳುತ್ತೇವೆ. ಕ್ಷೌರದಂಗಡಿಯಲ್ಲಿ ಅರ್ಧ ಬೋಳಿಸಿದ ಗಡ್ಡ ಹಾಗೇ ಇರುತ್ತದೆ. ಬಸ್ಸುಗಳು ಸೇತುವೆಯ ಆಚೆ ಕಾಯುತ್ತವೆ. ಅಡುಗೆಯನ್ನೆಲ್ಲ ಮುಚ್ಚಿಡಬೇಕು, ಯಾಕೆಂದರೆ ನಾಯಿಗೂ ಕಾಗೆಗೂ ನಿಂತ ಹೊತ್ತು ಇಲ್ಲ. ಸೇತುವೆ ದಾಟಿ ಹೋದರೆ ನಮಗೂ ಬರುವುದಿಲ್ಲ. ಆಚೆಯವರು ಈಚೆ ಬಂದರೆ ಅವರಿಗೂ ಬರುತ್ತದೆ. ಒಬ್ಬರು ನಿಂತಿದ್ದನ್ನು ಇನ್ನೊಬ್ಬರು ಕಂಡದ್ದಿಲ್ಲ. ಎಲ್ಲರೂ ಒಟ್ಟಿಗೇ ನಿಂತರೆ ನೋಡುವವರು ಯಾರು? ಆ ಹೊತ್ತಿನಲ್ಲಿ ಕ್ಯಾಮೆರಾ ಇಡಬಾರದೆಂದು ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಹಾಕಿದ್ದಾರೆ. ಬೋರ್ಡು ಇಲ್ಲದಿದ್ದರೂ ಯಾರೂ ಇಡುತ್ತಿರಲಿಲ್ಲ.

ಹಾಗಾಗಿ ಗಿರಣಿಯಲ್ಲಿ ಆದದ್ದಕ್ಕೆ ನಾನು ಹೆದರಲಿಲ್ಲ. ದಿನಾ ಆಗುವುದು ಅವತ್ತು ಎರಡು ಸಲ ಆಯಿತು, ಅಷ್ಟೇ ಅಂದುಕೊಂಡೆ. ಅದೇ ವಾರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಮ್ಮೆ ಆಯಿತು; ಎಚ್ಚರಾದಾಗ ಕೈಯಲ್ಲಿದ್ದ ಸಾಬೂನು ಜಾರಿ ನೀರಿಗೆ ಬಿದ್ದಿತ್ತು. ಮೂರನೆಯ ಸಲ ಗಿರಣಿಯ ಮೆಟ್ಟಿಲಿನಿಂದ ಬಿದ್ದು ಹುಬ್ಬು ಒಡೆದುಕೊಂಡೆ, ನಾಲಿಗೆ ಕಚ್ಚಿ ಬಾಯ್ತುಂಬ ರಕ್ತವಾಗಿತ್ತು. ಅವತ್ತು ನನ್ನ ಗಂಡ ಅಡಿವೆಪ್ಪನಿಗೆ ಹೇಳಿದೆ. ಊರಿನ ಭೋಂಗಾ ಕೂಗಿಸುವವನು ಅವನೇ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದು ದಿನ, ಒಂದು ನಿಮಿಷ ತಪ್ಪಿಸಿದವನಲ್ಲ. ಹುಬ್ಬಿಗೆ ಅರಿಶಿನ ಒತ್ತುತ್ತ, “ಯಾರ ಮುಂದೂ ಹೇಳಬ್ಯಾಡ,” ಅಂದ. “ಭೋಂಗಾದವನ ಹೇಣ್ತೀನ ಹೊತ್ತು ತಪ್ಪ್ಯಾಳ ಅಂದ್ರ ಮಂದಿ ಏನಂದಾರು?”

ಹೊತ್ತಲ್ಲದ ಹೊತ್ತಿನಲ್ಲಿ ನಿಲ್ಲುವವರನ್ನು ನಮ್ಮಲ್ಲಿ ‘ಹೊತ್ತು ತಪ್ಪಿದವರು’ ಅನ್ನುತ್ತಾರೆ. ಅವರನ್ನು ಯಾರೂ ಬೈಯುವುದಿಲ್ಲ, ಊರು ಬಿಡಿಸುವುದಿಲ್ಲ. ಆದರೆ ಅವರ ಹತ್ತಿರ ಕುಳಿತರೆ ನಮ್ಮ ಹೊತ್ತೂ ತಪ್ಪೀತು ಎಂಬ ಅಳುಕು ಇದೆ. ಅವರ ಮನೆಯಿಂದ ಹೆಣ್ಣು ತರುವುದಿಲ್ಲ. ಅವರ ಗಿರಣಿಗೆ ಕಾಳು ತರುವುದೂ ಇಲ್ಲವೆಂದು ನನಗೆ ಗೊತ್ತಿತ್ತು. ಕಲ್ಲವ್ವ ಒಂದು ಮಾತು ಆಡಿದ್ದರೆ ಸಾಕಿತ್ತು. ದಿನಾ ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆದು, ಯಾರಾದರೂ ಬರುತ್ತಾರೋ ಇಲ್ಲವೋ ಎಂದು ಕಾಯುತ್ತಿದ್ದೆ. ಜನ ಎಂದಿನಂತೆ ಬರುತ್ತಿದ್ದರು. ಅವಳು ಯಾರಿಗೂ ಹೇಳಿರಲಿಲ್ಲ.

ಹುಬ್ಬಿಗೆ ಹೊಲಿಗೆ ಹಾಕಿದ ನರ್ಸಮ್ಮ ನನ್ನ ನಾಲಿಗೆಯ ಗಾಯ ನೋಡಿ, ಸೇತುವೆಯಾಚೆಯ ದೊಡ್ಡ ಆಸ್ಪತ್ರೆಗೆ ಗುರುವಾರ ಗುರುವಾರ ನರದ ಡಾಕ್ಟರು ಬರುತ್ತಾರೆ, ತೋರಿಸಿ ಅಂದಳು. ಅಡಿವೆಪ್ಪನಿಗೆ ಮನಸ್ಸಿರಲಿಲ್ಲ, ಆದರೂ ಬೆಳಗಿನ ಬಸ್ಸಿಗೆ ನನ್ನ ಜೊತೆ ಬಂದ. ಡಾಕ್ಟರ ಹೆಸರು ಐವಿ ಲೋಬೊ. ಕರಾವಳಿಯವರು, ಪುಸ್ತಕದಲ್ಲಿದ್ದಂತೆ ಮಾತಾಡುವವರು, ಐವತ್ತರ ಆಸುಪಾಸು. ನನ್ನನ್ನು ಮಂಚದ ಮೇಲೆ ಕೂರಿಸಿ ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಉಕ್ಕಿನ ಕವಲುಕಡ್ಡಿಯೊಂದನ್ನು ಬಡಿದು ಕಾಲಿನ ಹೆಬ್ಬೆರಳಿಗೆ ಆನಿಸಿ, ನಡುಕ ತಿಳಿಯುತ್ತದೆಯೇ ಎಂದು ಕೇಳಿದರು. ತಿಳಿಯಿತು. ಅವರ ಬೆರಳನ್ನೂ ನನ್ನ ಮೂಗನ್ನೂ ಸರದಿಯಂತೆ ಮುಟ್ಟಿಸಿದರು, ನೆಲದ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ಹಚ್ಚಿ ನಡೆಸಿದರು, ದೀಪದ ಕೊಳವೆಯಿಂದ ಕಣ್ಣೊಳಗೆ ಬಹಳ ಹೊತ್ತು ನೋಡಿದರು. ಎಲ್ಲವೂ ಸರಿಯಿತ್ತು. ನನಗೆ ಪರೀಕ್ಷೆ ಪಾಸಾದಂತೆ ಅನ್ನಿಸಿತು.

“ಈಗ ಹೇಳಿ, ಅದು ಬಂದಾಗ ಏನಾಗ್ತದೆ?” ಎಂದು ಕೇಳಿದರು. “ನನಗೇನ್ ಗೊತ್ರಿ? ನಾ ಅಲ್ಲಿ ಇರಾಂಗೇ ಇಲ್ಲ,” ಅಂದೆ. “ಮುಂಚೆ ಏನಾದರೂ ತಿಳೀತದಾ? ವಾಸನೆ, ಹೊಟ್ಟೆಯಲ್ಲಿ ಕಸಿವಿಸಿ?” ಯೋಚಿಸಿದೆ. ಸುಟ್ಟ ಬೆಲ್ಲದ ವಾಸನೆ ಬರುತ್ತಿತ್ತು. ಗಿರಣಿಯಲ್ಲಿ ಬೆಲ್ಲ ಎಲ್ಲಿಂದ ಎಂದು ಹುಡುಕಿದ್ದು ನೆನಪಾಯಿತು. ಹೇಳಿದೆ, ಬರೆದುಕೊಂಡರು. “ಕಣ್ಣು ಯಾವ ಕಡೆ ಹೋಗ್ತದೆ? ಕೈ ಏನು ಮಾಡ್ತದೆ? ಎಷ್ಟು ಹೊತ್ತು?” ನಾನು ಅಡಿವೆಪ್ಪನ ಮುಖ ನೋಡಿದೆ. ಅವರೂ ಅವನ ಕಡೆ ತಿರುಗಿದರು. ಅವನು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, “ನಮ್ಮೂರಾಗ ನಿಂತವರನ್ನ ಯಾರೂ ನೋಡೂದಿಲ್ರಿ ಡಾಕ್ಟರಬಾಯಾರ,” ಅಂದ. “ಗೊತ್ತುಂಟು. ನಿಮ್ಮೂರಿನವರ ಹತ್ತಿರ ನನಗೆ ಇದೇ ಕಷ್ಟ,” ಅಂದರು ಡಾಕ್ಟರು. “ಆದರೆ ಹನ್ನೊಂದು ಗಂಟೆಗೆ ಬಂದದ್ದನ್ನು ಯಾರೋ ಕಂಡಿರಬೇಕಲ್ಲ? ತಲೆಯ ಫೋಟೋ ತೆಗೆಸುವ, ತಲೆಗೆ ತಂತಿ ಹಚ್ಚಿ ಗೆರೆ ಬರೆಸುವ. ಅದೆಲ್ಲ ಇರಲಿ, ನನಗೆ ಅರ್ಧ ಕಾಯಿಲೆ ತಿಳಿಯುವುದು ಕಂಡವರ ಬಾಯಿಂದ. ಕಂಡವರನ್ನು ಕರೆದುಕೊಂಡು ಬನ್ನಿ.”

ಬಸ್ಸಿನಲ್ಲಿ ಅಡಿವೆಪ್ಪ ಕೇಳಿದ, ಯಾರು ಕಂಡದ್ದು ಎಂದು. ಕಲ್ಲವ್ವ ಅಂದೆ. ಅವನು ಕಿಟಕಿಯಾಚೆ ನೋಡಿದವನು ಊರು ಬರುವತನಕ ತಿರುಗಲಿಲ್ಲ.

ಕಲ್ಲವ್ವನ ಮಗಳು ದ್ರಾಕ್ಷಾಯಣಿಗೆ ಆರು ವರ್ಷವಿದ್ದಾಗ ಒಂದು ದಿನ ಮೈ ಸುಡುವ ಜ್ವರ ಬಂದಿತ್ತು. ಆಗ ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಕಲ್ಲವ್ವ ಕೂಗಿಕೊಂಡಳು. ನಾನು ಒದ್ದೆ ಅರಿವೆ ತರಲು ಹಿತ್ತಲಿಗೆ ಓಡಿದೆ, ಬರುವಷ್ಟರಲ್ಲಿ ಎಲ್ಲ ಮುಗಿದು ಹುಡುಗಿ ಮಲಗಿದ್ದಳು. ಆಮೇಲೆ ಅವಳಿಗೆ ಎಂದೂ ಹಾಗೆ ಆಗಲಿಲ್ಲ. ಹದಿನೆಂಟು ವರ್ಷ ಕಳೆದ ಮೇಲೆ ಮೇಲಿನ ಓಣಿಯಿಂದ ಅವಳಿಗೊಂದು ಸಂಬಂಧ ಬಂತು, ವೀಳ್ಯಶಾಸ್ತ್ರವೂ ನಿಶ್ಚಯವಾಯಿತು. ಆ ಹುಡುಗನ ತಾಯಿ ಗೋಧಿ ಬೀಸಿಸಲು ನನ್ನ ಗಿರಣಿಗೆ ಬಂದಳು. ಹುಡುಗಿ ಹೇಗೆ ಎಂದು ಕೇಳಿದಳು. ಬಹಳ ಒಳ್ಳೆಯವಳು ಅಂದೆ. ಆರೋಗ್ಯ ಎಂದು ಕೇಳಿದಳು. ಆಗ, “ಸಣ್ಣಾಕಿದ್ದಾಗ ಒಮ್ಮೆ ಹೊತ್ತು ತಪ್ಪಿ ನಿಂತಿದ್ಲು, ಈಗ ಏನಿಲ್ಲ ಬಿಡ್ರಿ,” ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ನನಗೆ ಆ ಹುಡುಗಿಯ ಮೇಲೆ ದ್ವೇಷವಿರಲಿಲ್ಲ. ಮನೆಯ ಒಳಗಿನದ್ದು ನನಗೆ ಗೊತ್ತಿದೆ ಎಂದು ತೋರಿಸಿಕೊಳ್ಳುವ ಆಸೆ ಇದ್ದಿರಬೇಕು. ಎಂಟು ದಿನದಲ್ಲಿ ಆ ಸಂಬಂಧ ಮುರಿಯಿತು, ಬೇರೆ ಸಂಬಂಧ ಬರಲಿಲ್ಲ. ದ್ರಾಕ್ಷಾಯಣಿ ಸೇತುವೆಯಾಚೆ ಕನ್ನಡ ಶಾಲೆಯಲ್ಲಿ ಟೀಚರಾಗಿ ಸೇರಿ ಅಲ್ಲೇ ಕೋಣೆ ಮಾಡಿಕೊಂಡಳು. ಶನಿವಾರ ಮಧ್ಯಾಹ್ನ ಬಂದು ಭಾನುವಾರ ಸಂಜೆ ಹೋಗುತ್ತಾಳೆ.

ಆಸ್ಪತ್ರೆಯಿಂದ ಬಂದ ಮರುದಿನ ಕಲ್ಲವ್ವನ ಮನೆಗೆ ಹೋದೆ. ಅಂಗಳದಲ್ಲಿ ಶಾವಿಗೆ ಒಣಹಾಕುತ್ತಿದ್ದಳು. ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಿಂತೇ ಹೇಳಿದೆ. ಡಾಕ್ಟರು ಕಂಡವರನ್ನು ಕೇಳುತ್ತಾರೆ, ಕಂಡವಳು ನೀನೊಬ್ಬಳೇ, ಬರಬೇಕು ಅಂದೆ. “ನಾ ಬಂದು ಏನ್ ಹೇಳ್ಲಿ?” “ಕಂಡದ್ದು.” ಅವಳು ಶಾವಿಗೆಯ ಎಳೆಗಳನ್ನು ಬಿಡಿಸುತ್ತಲೇ ಇದ್ದಳು. ಆಮೇಲೆ, “ಅವತ್ತ ನೀ ಕಾಣದ್ದನ್ನ ಹೇಳಿದಿ. ನಾ ಕಂಡದ್ದನ್ನ ಈತನಕ ಯಾರಿಗೂ ಹೇಳಿಲ್ಲ,” ಅಂದಳು. ದನಿ ಏರಿಸಲಿಲ್ಲ. ನಾನು ಅಂಗಳ ದಾಟಿ ಬಾಗಿಲಿನ ತನಕ ಬಂದಾಗ ಹಿಂದಿನಿಂದ ಕೇಳಿದಳು: “ಗುರುವಾರ ಬಸ್ಸು ಎಷ್ಟಕ್ಕೈತಿ?”

ಆ ಗುರುವಾರ ನಾವಿಬ್ಬರೇ ಹೋದೆವು. ಬಸ್ಸಿನಲ್ಲಿ ಅವಳು ಮುಂದಿನ ಸೀಟು, ನಾನು ಹಿಂದಿನದು. ಡಾಕ್ಟರು ಅವಳನ್ನು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಕೇಳಿದರು. ಅವಳು ಹೇಳಲಿಲ್ಲ, ಮಾಡಿ ತೋರಿಸಿದಳು. ಮೊದಲು ಮುಖ ಖಾಲಿಯಾಯಿತು. ಕಣ್ಣು ತೆರೆದಿದ್ದವು, ಕುತ್ತಿಗೆ ಮೆಲ್ಲಗೆ ಬಲಕ್ಕೆ ತಿರುಗಿತು. ಏನನ್ನೋ ಚಪ್ಪರಿಸುವವರಂತೆ ತುಟಿ ಆಡಿಸಿದಳು. ಎಡಗೈ ಬೆರಳುಗಳು ಸೆರಗಿನ ಅಂಚನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡತೊಡಗಿದವು. ಬಲಗೈ ಮರದ ಕೊಂಬೆಯಂತೆ ಗಟ್ಟಿಯಾಗಿ ನಿಂತಿತು. “ನಾ ಸಂಗವ್ವ, ಸಂಗವ್ವ ಅಂತ ನಾಕು ಸಲ ಕರದೆ. ಗಡಿಯಾರ ನೋಡಿದೆ, ಒಂದೂವರಿ ನಿಮಿಷ ಇತ್ತು. ಆಮ್ಯಾಲೆ ನನ್ನ ಕಡೆ ನೋಡಿದ್ಲು, ಆದ್ರ ನಾ ಯಾರಂತ ಆಕಿಗೆ ತಿಳೀಲಿಲ್ಲ. ಸ್ವಲ್ಪ ಹೊತ್ತಿಗೆ ಭೋಂಗಾ ಆತೇನು ಅಂದ್ಲು.” ನನ್ನ ಹೆಸರನ್ನು ಅವಳ ಬಾಯಿಂದ ಕೇಳಿದ್ದು ಎಷ್ಟೋ ದಿನದ ಮೇಲೆ. ಅವಳು ತೋರಿಸಿದ ಮುಖ ನನ್ನದು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಡಾಕ್ಟರು ಪೆನ್ನು ಕೆಳಗಿಟ್ಟು, “ಇಷ್ಟು ಚೆಂದ ನನ್ನ ವಿದ್ಯಾರ್ಥಿಗಳೂ ಹೇಳುವುದಿಲ್ಲ. ಹೇಗೆ ಗಮನಿಸಿದಿರಿ?” ಅಂದರು. “ಮಗಳಿಗೆ ಒಮ್ಮೆ ಆಗಿತ್ರಿ. ಆರು ವರ್ಷದಾಕಿ ಆಗ. ಒಮ್ಮೆ ಕಂಡವರು ಮರಿಯಾಂಗಿಲ್ಲ.” ಡಾಕ್ಟರು ಅದನ್ನೂ ಬಿಡಿಸಿ ಕೇಳಿದರು. ಜ್ವರ ಎಷ್ಟಿತ್ತು, ಎಷ್ಟು ನಿಮಿಷ, ಆಮೇಲೆ ಯಾವಾಗಲಾದರೂ ಬಂತೇ. ಬಂದಿಲ್ಲ ಅಂದಳು ಕಲ್ಲವ್ವ. “ಅದು ಜ್ವರದ ಫಿಟ್ಸು. ಎಷ್ಟೋ ಮಕ್ಕಳಿಗೆ ಬರ್ತದೆ, ದೊಡ್ಡವರಾದ ಹಾಗೆ ಹೋಗ್ತದೆ. ಇಷ್ಟು ವರ್ಷ ಬರಲಿಲ್ಲ ಅಂದರೆ ಅದು ಕಾಯಿಲೆಯೇ ಅಲ್ಲ.” “ಮದಿವಿಗೆ?” “ಮದುವೆಗೂ ಅದಕ್ಕೂ ಏನು ಸಂಬಂಧ? ಫಿಟ್ಸ್ ಇದ್ದವರೂ ಮದುವೆ ಆಗ್ತಾರೆ.” ಕಲ್ಲವ್ವ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು. “ಅದನ್ನ ಒಂದು ಚೀಟಿಮ್ಯಾಲೆ ಬರದು ಕೊಡ್ರಿ,” ಅಂದಳು. ಡಾಕ್ಟರು ಯಾಕೆ ಎಂದು ಕೇಳದೆ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟರು. ನಾನು ಅದೇ ಕೋಣೆಯಲ್ಲಿ, ಅವಳಿಂದ ಒಂದು ಮೊಳ ದೂರದಲ್ಲಿ ಕುಳಿತಿದ್ದೆ.

ನನ್ನ ತಲೆಯ ಫೋಟೋದಲ್ಲಿ ಎಡಗಿವಿಯ ಮೇಲ್ಗಡೆ, ಒಳಗೆ, ಒಂದು ಹಳೆಯ ಕಲೆ ಕಂಡಿತು. ಗಡ್ಡೆಯಲ್ಲ, ಬೆಳೆಯುವಂಥದ್ದಲ್ಲ. ಅಲ್ಲಿಂದ ವಿದ್ಯುತ್ತು ತಪ್ಪಿ ಹರಿಯುತ್ತದೆ, ಇದನ್ನು ಮೂರ್ಛೆರೋಗ ಅನ್ನುತ್ತಾರೆ, ನಿಮ್ಮೂರಿನ ಹೊತ್ತಿಗೂ ಇದಕ್ಕೂ ಸಂಬಂಧವಿಲ್ಲ, ಹತ್ತಿರ ಕುಳಿತವರಿಗೆ ಅಂಟುವುದೂ ಇಲ್ಲ ಅಂದರು ಡಾಕ್ಟರು. ದಿನಕ್ಕೆ ಎರಡು ಮಾತ್ರೆ, ಒಂದು ದಿನವೂ ತಪ್ಪಿಸಬಾರದು. ಆರು ತಿಂಗಳು ಗಿರಣಿ ಮುಟ್ಟಬಾರದು, ಒಬ್ಬಳೇ ಒಲೆಯ ಮುಂದೆ ಕೂರಬಾರದು, ಬಾವಿಯ ಹತ್ತಿರ ಹೋಗಬಾರದು. ಆರು ತಿಂಗಳು ಗಿರಣಿಗೆ ಬೀಗ ಹಾಕಿದರೆ ಕಾರಣ ಹೇಳಲೇಬೇಕಾಗುತ್ತದೆ. ಅಡಿವೆಪ್ಪ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಗಿರಣಿಯ ಬಾಗಿಲಿಗೆ ಒಂದು ಹಲಗೆ ತೂಗುಹಾಕಿದ: ‘ಸಂಗವ್ವನಿಗೆ ಮೂರ್ಛೆರೋಗ, ಆರು ತಿಂಗಳು ಗಿರಣಿ ಬಂದ್.’ ಅವನ ಕೈಬರಹ ಚೆಂದ. ಜನ ನಿಂತು ಓದಿದರು. ಕೆಲವರು ಮಾತಾಡಿಸಲು ಬಂದರು, ಕೆಲವರು ರಸ್ತೆ ದಾಟಿ ಆಚೆಯ ಬದಿಯಲ್ಲಿ ನಡೆದರು. ನನ್ನ ಓಣಿಯ ಮೂರು ಮನೆಯವರು ತಮ್ಮ ಮಕ್ಕಳಿಗೆ ನಮ್ಮ ಕಟ್ಟೆಯ ಮೇಲೆ ಆಡಬೇಡಿ ಅಂದರು.

ಮಾತ್ರೆ ಶುರುವಾದ ಹನ್ನೆರಡನೆಯ ದಿನ ಭೋಂಗಾ ಕೂಗಿತು, ನಾನು ಎಂದಿನಂತೆ ಕಟ್ಟೆಗೆ ಬೆನ್ನು ಕೊಟ್ಟು ಕುಳಿತೆ. ಮೂರು ಹತ್ತಾಯಿತು. ಎದುರುಮನೆಯ ರೇಡಿಯೋ ಹಾಡುತ್ತಲೇ ಇತ್ತು. ನಾನು ನಿಂತಿರಲಿಲ್ಲ. ಓಣಿಯ ಉದ್ದಕ್ಕೂ ಎಲ್ಲರೂ ಕುಳಿತಿದ್ದರು, ಕಣ್ಣು ತೆರೆದುಕೊಂಡು, ಕೈ ಮಡಿಲಲ್ಲಿಟ್ಟುಕೊಂಡು. ಭಯವಾಗುವಂಥದ್ದೇನೂ ಇರಲಿಲ್ಲ, ತಡವಾದ ಬಸ್ಸಿಗೆ ಕಾಯುವವರಂತೆ ಕಾಣುತ್ತಿದ್ದರು. ಒಂದು ನಾಯಿ ಸಾವಕಾಶವಾಗಿ ಮನೆಯಿಂದ ಮನೆಗೆ ಹೋಗಿ ಪಾತ್ರೆ ಮೂಸಿ ನೋಡಿತು. ಒಂಬತ್ತು ನಿಮಿಷ ಎಷ್ಟು ಉದ್ದ ಎಂದು ನನಗೆ ಅವತ್ತು ಗೊತ್ತಾಯಿತು.

ಡಾಕ್ಟರಿಗೆ ಹೇಳಿದಾಗ, “ಮಾತ್ರೆಯಿಂದ ಇರಬಹುದು. ಬೇಕಾದರೆ ಬದಲಿಸುವ,” ಅಂದರು. ಬೇಡ, ಇದರಿಂದ ನನ್ನ ಫಿಟ್ಸು ನಿಂತಿದೆಯಲ್ಲ, ಇದೇ ಇರಲಿ ಅಂದೆ. ಅಡಿವೆಪ್ಪನಿಗೂ ಹೇಳಿದೆ. ಅವನು ಬಹಳ ಯೋಚನೆ ಮಾಡಿ ಕೇಳಿದ್ದು ಒಂದೇ: “ಅಷ್ಟೊತ್ತು ನಾ ಹೆಂಗಿರ್ತೀನಿ?” “ಬಾಯಿ ತಕ್ಕೊಂಡು ಕುಂತಿರ್ತಿ.” ಮರುದಿನದಿಂದ ಅವನು ಭೋಂಗಾ ಕೂಗಿಸಿದ ಮೇಲೆ ಟವೆಲ್ಲನ್ನು ಗದ್ದಕ್ಕೆ ಸುತ್ತಿ ಕಟ್ಟಿಕೊಳ್ಳತೊಡಗಿದ. ಈ ವಿಷಯ ಊರಿಗೆ ತಿಳಿಯದಿದ್ದರೆ ಒಳ್ಳೆಯದು ಎಂದು ಇಬ್ಬರೂ ಅಂದುಕೊಂಡೆವು. ತಮ್ಮ ಮುಖವನ್ನು ದಿನಾ ಒಬ್ಬಳು ನೋಡುತ್ತಾಳೆ ಎಂಬುದು ಯಾರಿಗೂ ಹಿತವಾಗಿರುವುದಿಲ್ಲ.

ಒಂದು ದಿನ ಆ ಒಂಬತ್ತು ನಿಮಿಷದಲ್ಲಿ ನಡೆದುಕೊಂಡು ಕಲ್ಲವ್ವನ ಮನೆಗೆ ಹೋದೆ. ಹೊಸ್ತಿಲ ಹತ್ತಿರ ಕುಳಿತಿದ್ದಳು. ನನ್ನ ಕಡೆಗೇ ಮುಖ, ಕಾಣದ ಕಣ್ಣು. ತಪ್ಪಾಯಿತು ಎಂದು ಈಗ ಹೇಳಿಬಿಡಬಹುದು ಅನ್ನಿಸಿತು. ಎಷ್ಟು ಸಲ ಬೇಕಾದರೂ ಹೇಳಬಹುದಿತ್ತು, ಅವಳು ಎದ್ದು ಹೋಗುತ್ತಿರಲಿಲ್ಲ, ತಿರುಗಿ ಏನೂ ಅನ್ನುತ್ತಿರಲಿಲ್ಲ. ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡು ವಾಪಸು ಬಂದೆ.

ಶನಿವಾರ ಎರಡೂವರೆಗೆ ಮತ್ತೆ ಹೋದೆ. ಕಲ್ಲವ್ವ ಇದ್ದಳು, ದ್ರಾಕ್ಷಾಯಣಿ ಆಗಷ್ಟೇ ಬಸ್ಸಿಳಿದು ಬಂದು ಕಾಲು ತೊಳೆಯುತ್ತಿದ್ದಳು. ಇಬ್ಬರ ಮುಂದೆಯೂ ಹೇಳಿದೆ: ಆ ಮಾತು ಆಡಿದ್ದು ನಾನು, ಕಾಣದ್ದನ್ನು ಆಡಿದ್ದು, ಅದರಿಂದ ಆದದ್ದೆಲ್ಲ ನನ್ನಿಂದಲೇ. “ಗೊತ್ತೈತಿ ದೊಡ್ಡವ್ವ,” ಅಂದಳು ದ್ರಾಕ್ಷಾಯಣಿ. “ನಾಕು ವರ್ಷದಿಂದ ಗೊತ್ತೈತಿ.” ಆ ಸಂಬಂಧ ಮುರಿದದ್ದರ ದುಃಖ ತನಗೆ ಈಗ ಇಲ್ಲ, ಆ ಹುಡುಗನ ಮುಖವೂ ಸರಿಯಾಗಿ ನೆನಪಿಲ್ಲ ಅಂದಳು. ಕ್ಷಮಿಸಿದೆ ಅನ್ನಲಿಲ್ಲ. ಕಲ್ಲವ್ವ ಒಳಗಿನಿಂದ ಡಾಕ್ಟರ ಚೀಟಿ ತಂದು ನನ್ನ ಕೈಗಿಟ್ಟಳು. “ಮ್ಯಾಲಿನ ಓಣಿಗೆ ಹೋಗಿ ಇದನ್ನ ಓದಿ ಹೇಳಿ ಬಾ. ಹುಡುಗನ ತಾಯಿ ಮುಂದ. ಮದಿವಿ ಸಲುವಾಗಿ ಅಲ್ಲ. ಅಕಿ ಬಾಯಾಗ ನನ್ನ ಮಗಳ ಹೆಸರು ಹಂಗ ಇರಬಾರದು.” ಹೋಗುತ್ತೇನೆ ಅಂದೆ. ಮರುದಿನ ಹೋದೆ, ಓದಿದೆ. ಆ ಹೆಂಗಸು ಪೂರಾ ಕೇಳಿಸಿಕೊಂಡು, ನೀರು ಕುಡಿಯಿರಿ ಅಂದಳು.

ಆದರೆ ಆ ಶನಿವಾರದ ಮಾತು ಇನ್ನೂ ಸ್ವಲ್ಪ ಇದೆ. ನಾನು ಏಳುವಷ್ಟರಲ್ಲಿ ಭೋಂಗಾ ಕೂಗಿತು. ಕಲ್ಲವ್ವ ಒಲೆ ಆರಿಸಲು ಒಳಗೆ ಹೋದಳು. ದ್ರಾಕ್ಷಾಯಣಿ ಗೋಡೆಗೆ ಒರಗಿ ಕುಳಿತು, ದನಿ ತಗ್ಗಿಸಿ, “ದೊಡ್ಡವ್ವ, ನೀ ನಿಲ್ಲೂದಿಲ್ಲಂತ ದೊಡ್ಡಪ್ಪ ನನ್ನ ಮುಂದ ಹೇಳ್ಯಾನ. ಬಾಯಿ ಜಾರಿ ಅಂದಾನ, ಬೈಬ್ಯಾಡ,” ಅಂದಳು. ಆಮೇಲೆ, “ನನ್ನ ಇವತ್ತ ನೋಡ್ತಿ ಏನು?” ಎಂದು ಕೇಳಿದಳು. ಏನು ನೋಡಬೇಕು ಅಂದೆ. “ನಾ ಎಲ್ಲಾರಂಗ ನಿಲ್ತೀನೋ, ಇಲ್ಲಾ ಬ್ಯಾರೆ ಏನರ ಮಾಡ್ತೀನೋ ಅಂತ. ತುಟಿ ಆಡಸೂದು, ಕೈ ಆಡಸೂದು. ಡಾಕ್ಟರ್ ಚೀಟಿ ಬರದಾರ ಖರೇ. ಆದ್ರ ಅವರು ನನ್ನ ನೋಡಿಲ್ಲಲ್ಲ. ಅವ್ವಗ ಕೇಳಿದ್ರ ಆಕಿನೂ ನಿಂತಿರ್ತಾಳ.” ಅವಳ ಕಣ್ಣಲ್ಲಿ ನೀರೇನೂ ಇರಲಿಲ್ಲ. ಆರು ವರ್ಷದಿಂದ ಇಪ್ಪತ್ತೆಂಟರ ತನಕ ಒಬ್ಬಳೇ ಹೊತ್ತುಕೊಂಡಿದ್ದ ಪ್ರಶ್ನೆಯನ್ನು ಬಸ್ಸಿನ ಸಮಯ ಕೇಳುವವಳಂತೆ ಕೇಳಿದಳು.

ಮೂರು ಹತ್ತಾಯಿತು. ಅಡುಗೆಮನೆಯ ಬಾಗಿಲಲ್ಲಿ ಕಲ್ಲವ್ವ ನಿಂತಳು, ಗೋಡೆಗೆ ಒರಗಿ ಕುಳಿತಲ್ಲೇ ದ್ರಾಕ್ಷಾಯಣಿಯೂ ನಿಂತಳು. ನಾನು ಅವಳೆದುರು ಚಾಪೆಯ ಮೇಲೆ ಕುಳಿತು ಕಣ್ಣು ಬೇರೆಡೆ ಹಾಯಿಸದೆ ನೋಡಿದೆ. ಒಬ್ಬರನ್ನು ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ತುಟಿ ಆಡಲಿಲ್ಲ. ಕುತ್ತಿಗೆ ತಿರುಗಲಿಲ್ಲ. ಎರಡೂ ಕೈ ಮಡಿಲಲ್ಲಿ ಸಡಿಲವಾಗಿ ಬಿದ್ದಿದ್ದವು, ಬಲಗೈ ಬೆರಳಲ್ಲಿ ಸೀಮೆಸುಣ್ಣದ ಪುಡಿ ಇತ್ತು. ಉಸಿರು ಒಂದೇ ಸಮನೆ ಆಡುತ್ತಿತ್ತು. ಒಂಬತ್ತು ನಿಮಿಷವೂ ಹಾಗೇ ಇದ್ದಳು.

ಅವಳು ರೆಪ್ಪೆ ಬಡಿದಳು, ನನ್ನನ್ನು ಹುಡುಕಿದಳು. “ಏನಾತು?” “ಏನೂ ಆಗಲಿಲ್ಲ. ಎಲ್ಲಾರಂಗ ಕುಂತಿದ್ದಿ.” “ಖರೇನ?” “ಖರೇ. ಕಂಡದ್ದನ್ನ ಹೇಳಾಕತ್ತೀನಿ. ಮೂಗಿನ ಮ್ಯಾಲೆ ಒಂದು ನೊಣ ಬಂದು ಕುಂತಿತ್ತು, ನಾ ಹೊಡದು ಓಡಿಸಿದೆ.” ದ್ರಾಕ್ಷಾಯಣಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಬೆರಳಿನಿಂದ ಮೂಗು ಒರೆಸಿಕೊಂಡಳು, ಸೀಮೆಸುಣ್ಣದ ಪುಡಿ ಮೂಗಿಗೆ ಹತ್ತಿತು. ಕಲ್ಲವ್ವ ಒಳಗಿನಿಂದ ಕೂಗಿ ಕೇಳಿದಳು, “ಸಂಗವ್ವಾ, ಚಾ ಕುಡೀತಿ ಹೌದಲ್ಲ?”